ಹಾಜರಿ ಹಾಳೆ

ನಾನೂ ನನ್ನ ವಾರಗಿತ್ತಿಯೂ ಒಂದೇ ವರ್ಷ ದೂರಶಿಕ್ಷಣದ ಬಿ.ಎ.ಗೆ ಸೇರಿದೆವು. ನನಗೆ ಎರಡು ಮಕ್ಕಳು, ಅವಳಿಗೆ ಒಂದು. ಮೂರನ್ನೂ ಬಿಟ್ಟು ಇಬ್ಬರೂ ಭಾನುವಾರದ ತರಗತಿಗೆ ಹೋಗುವಂತಿರಲಿಲ್ಲ. ಹಾಗಾಗಿ ಒಂದು ವಾರ ನಾನು, ಒಂದು ವಾರ ಅವಳು. ಹೋದವಳು ಇಬ್ಬರ ಸಹಿಯನ್ನೂ ಹಾಕಬೇಕು, ಬಂದಮೇಲೆ ಪಾಠ ಹೇಳಬೇಕು. ಅವಳ ಸಹಿಯ ಕೊನೆಯ ಸುಳಿಯನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತಿದ್ದಿ ತಿದ್ದಿ ಕಲಿತಿದ್ದೆ.

ಓದಬೇಕೆಂದು ಮೊದಲು ಹೊರಟವಳು ನಾನು. ಅರ್ಜಿ ತಂದವಳೂ ನಾನೇ. ಹೊಲಿಗೆ ಯಂತ್ರದ ಪಕ್ಕ ಪುಸ್ತಕ ತೆರೆದಿಟ್ಟು, ಗುಂಡಿ ಹಚ್ಚುತ್ತ ಓದುತ್ತಿದ್ದೆ. ಅಸೈನ್‌ಮೆಂಟಿನಲ್ಲಿ ನನಗೆ ಮೂವತ್ತಕ್ಕೆ ಹದಿನಾರು ಬಂತು, ಅವಳಿಗೆ ಇಪ್ಪತ್ತೇಳು. ಮಾವ ಕನ್ನಡಕ ಏರಿಸಿಕೊಂಡು ಅವಳ ಉತ್ತರವನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ಚಿಕ್ಕಮ್ಮನ ಅಕ್ಷರ ನೋಡಿ ಕಲಿ ಎಂದು ನನ್ನ ಮಗಳೇ ನನಗೆ ಬುದ್ಧಿ ಹೇಳಿದಳು. ಯಾರೂ ಇಲ್ಲದಾಗ ಆ ಹಾಳೆಗಳನ್ನು ತೆಗೆದು, ಒಂದಾದರೂ ತಪ್ಪು ಸಿಗಲಿ ಎಂದು ಹತ್ತು ಸಲ ಓದಿದೆ. ಸಿಗಲಿಲ್ಲ.

ಹಾಲ್ ಟಿಕೆಟ್ ಸಿಗಲು ಎಂಟು ಭಾನುವಾರಗಳಲ್ಲಿ ಆರರ ಹಾಜರಿ ಬೇಕು. ಮಕ್ಕಳ ಜ್ವರದಲ್ಲಿ ಇಬ್ಬರದೂ ಎರಡೆರಡು ಹೋಗಿದ್ದವು. ಕೊನೆಯ ಭಾನುವಾರ ನನ್ನ ಸರದಿ. ಹಾಳೆ ಬಂತು. ನನ್ನ ಸಹಿ ಹಾಕಿದೆ. ಅವಳ ಸಾಲಿನ ಮೇಲೆ ಪೆನ್ನು ತುಸು ನಿಂತಿತು. ಹಾಳೆಯನ್ನು ಪಕ್ಕದವಳಿಗೆ ದಾಟಿಸಿಬಿಟ್ಟೆ.

ನನ್ನ ಹಾಲ್ ಟಿಕೆಟ್ ಬಂತು. ಅವಳದು ಬರಲಿಲ್ಲ.

"ಅಕ್ಕ, ಆವತ್ತು ನನ್ನ ಸಹಿ ಹಾಕಿದ್ರಿ ತಾನೆ?"

"ಹಾಕದೆ ಏನೇ? ಅವ್ರೇ ಎಲ್ಲೋ ಎಡವಟ್ಟು ಮಾಡಿರ್ತಾರೆ."

ದೂರು ಕೊಟ್ಟರೆ ಉಳಿದ ಸಹಿಗಳ ಬಣ್ಣವೂ ಬಯಲಾಗುತ್ತಿತ್ತು. ಅದು ಅವಳಿಗೂ ಗೊತ್ತು. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು.

"ಹೋಗ್ಲಿ ಬಿಡಿ. ನೀವು ಬರೀರಿ, ಮಕ್ಳನ್ನ ನಾನು ನೋಡ್ಕೋತೀನಿ."

ಪರೀಕ್ಷೆಯ ದಿನ ಮೂರೂ ಮಕ್ಕಳನ್ನು ಅವಳೇ ಶಾಲೆಗೆ ಹೊರಡಿಸಿದಳು. ಎಂಥ ದೊಡ್ಡ ಮನಸ್ಸು ಎಂದು ಮಾವ ಬಾಯ್ತುಂಬ ಹೊಗಳಿದರು. ಪರೀಕ್ಷೆ ನನ್ನದು, ಹೊಗಳಿಕೆ ಅವಳಿಗೆ.

ಮೊದಲ ಪ್ರಶ್ನೆಯೇ ಅಸೈನ್‌ಮೆಂಟಿನದು, ಅವಳಿಗೆ ಇಪ್ಪತ್ತೇಳು ತಂದುಕೊಟ್ಟದ್ದು. ನಾನು ಬರೆದಿದ್ದ ಉತ್ತರ ಏನು ಮಾಡಿದರೂ ನೆನಪಾಗಲಿಲ್ಲ. ಅವಳದು ಒಂದಕ್ಷರ ತಪ್ಪದೆ ಬಂತು. ಮೂರು ಪುಟ ಬರೆದೆ. ಪರೀಕ್ಷೆಯ ಹಾಳೆ ಮನೆಗೆ ಬರುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ. ಕೊಡುವ ಮೊದಲು ಇನ್ನೊಮ್ಮೆ ತಿರುವಿ ನೋಡಿದೆ.

ಅಕ್ಷರ ಮಾತ್ರ ಅವಳದಷ್ಟು ಚೆನ್ನಾಗಿರಲಿಲ್ಲ.