ಹನ್ನೊಂದನೆಯ ದಿನದ ಸೂಪು

"ಇನ್ನೂ ಸ್ವಲ್ಪ ಹಸಿದವರ ಹಾಗೆ ಕಚ್ಚಿ ಸಾರ್. ಇಪ್ಪತ್ತೊಂದು ದಿನ ತಡ್ಕೊಂಡಿದ್ದು ಮುಖದಲ್ಲಿ ಕಾಣ್ಬೇಕು," ಎಂದ ಫೋಟೊಗ್ರಾಫರ್.

ಅಂಕಣಕಾರ ಕೋಳಿಯ ತೊಡೆಯನ್ನು ಮತ್ತೆ ಬಾಯಿಗಿಟ್ಟು ಕಣ್ಣರಳಿಸಿದ. ಅವನು ಇನ್ನೂ ಒಂದು ಹೊತ್ತೂ ತಡೆದುಕೊಂಡಿರಲಿಲ್ಲ. ಎರಡು ಮೊಟ್ಟೆ ತಿಂದು, ಹಾಲು ಹಾಕಿದ ಕಾಫಿ ಕುಡಿದು ಆಫೀಸಿಗೆ ಬಂದು ಅರ್ಧ ಗಂಟೆಯಾಗಿತ್ತಷ್ಟೆ. ಮಾಂಸ, ಮೀನು, ಮೊಟ್ಟೆ, ಹಾಲು, ಜೇನು ಯಾವುದನ್ನೂ ಮುಟ್ಟದೆ ಇಪ್ಪತ್ತೊಂದು ದಿನ ಬದುಕಿ, ದಿನಕ್ಕೊಂದು ಕಂತು ಬರೆಯುವ ಕೆಲಸ ಶುರುವಾಗುವುದು ಮರುದಿನದಿಂದ. ಆದರೆ ಪತ್ರಿಕೆಯ ಪುರವಣಿ ವಿಭಾಗದಲ್ಲಿ ಬದುಕುವುದಕ್ಕಿಂತ ಮೊದಲೇ ಪುಟ ಸಿದ್ಧವಾಗಿಬಿಡುತ್ತದೆ. ಕೊನೆಯ ಕಂತಿನ ಶೀರ್ಷಿಕೆ ಆಗಲೇ ಅಕ್ಷರ ಜೋಡಿಸಿಕೊಂಡು ಕೂತಿತ್ತು: 'ಕೊನೆಗೂ ಗೆದ್ದಿತು ಕೋಳಿ'. ಅದಕ್ಕೆ ಫೋಟೊ ಬೇಕಿತ್ತು, ಫೋಟೊಗ್ರಾಫರ್ ನಾಳೆಯಿಂದ ರಜೆ.

"ಅಕಸ್ಮಾತ್ ನಾನು ಸೋಲದೇ ಇದ್ರೆ ಮೇಡಂ?" ಬಾಯಿ ಒರೆಸಿಕೊಳ್ಳುತ್ತ ಕೇಳಿದ.

"ಸೋಲ್ತೀರಿ," ಎಂದರು ಪುರವಣಿಯ ಸಂಪಾದಕಿ, ಕಂಪ್ಯೂಟರಿನಿಂದ ತಲೆ ಎತ್ತದೆ. "ನಮ್ಮ ಓದುಗರು ತಿಂದು ಕೈ ತೊಳೀತಾ ಇದನ್ನ ಓದೋರು. ಅವರಿಗೆ ಬೇಕಾಗಿರೋದು ಎರಡೇ. ನೀವು ನರಳಬೇಕು, ಮತ್ತೆ ಇದನ್ನೇ ನಂಬ್ಕೊಂಡಿರೋ ಹುಚ್ಚ ಒಬ್ಬ ಪಕ್ಕದಲ್ಲಿರಬೇಕು. ಅಂಥೋರು ಯಾರಾದ್ರೂ ಗೊತ್ತಾ?"

ಗೊತ್ತಿದ್ದ. ಅವನ ಒಡಹುಟ್ಟಿದ ತಮ್ಮ.

ತಮ್ಮ ಬಸ್ ಡಿಪೋದಲ್ಲಿ ವೆಲ್ಡರ್. ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಅವ್ವ ಸತ್ತಾಗ ಅವನಿಗೆ ಐದು, ಅಣ್ಣನಿಗೆ ಹದಿನೇಳು. ಅಂದಿನಿಂದ ಅಣ್ಣನೇ ಅನ್ನ ಬೇಯಿಸಿ ಹಾಕಿ, ಬೈದು, ಹೊಡೆದು, ಮುದ್ದುಮಾಡಿ ಬೆಳೆಸಿದ್ದು. ಇಬ್ಬರಿಗೂ ಮದುವೆಯಾಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಬೆಳಗ್ಗೆ ಜಗಳ, ಸಂಜೆ ಊಟ, ಹೀಗೆ ಸಂಸಾರ ನಡೆದಿತ್ತು.

ಹಿಂದಿನ ವರ್ಷ ಹೆದ್ದಾರಿಯಲ್ಲಿ ಲಾರಿಯೊಂದು ಮಗುಚಿತ್ತು. ಹಾಲು ಬತ್ತಿದ ಮೇಕೆಗಳನ್ನು ಕಸಾಯಿಖಾನೆಗೆ ಒಯ್ಯುತ್ತಿದ್ದ ಎರಡಂತಸ್ತಿನ ಲಾರಿ. ಹತ್ತಿರದಲ್ಲಿ ಗ್ಯಾಸ್ ಕಟರ್ ಇದ್ದದ್ದು ಡಿಪೋದಲ್ಲಿ ಮಾತ್ರ, ಹಾಗಾಗಿ ತಮ್ಮನನ್ನು ಕರೆಸಿದರು. ಮೇಲಿನ ಅಂತಸ್ತು ಕುಸಿದು ಕೆಳಗಿನದರ ಮೇಲೆ ಕೂತಿತ್ತು. ನಡುವೆ ನೂರಕ್ಕೂ ಹೆಚ್ಚು ಜೀವ. ಸರಳು ಕತ್ತರಿಸುವಾಗ ಕಿಡಿ ಹಾರಿ ಕೂದಲಿಗೆ ತಾಗುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು, ಬದುಕಿದ್ದವು ಕಿರುಚುತ್ತಿದ್ದವು. ಒಂದು ಕಾಲು ಎಳೆದರೆ ಕಾಲು ಮಾತ್ರ ಕೈಗೆ ಬಂತು. ನಾಲ್ಕು ಗಂಟೆ ಅವನು ಹಾಗೆ ಕತ್ತರಿಸಿದ. ಹೊರಗೆಳೆದವುಗಳಲ್ಲಿ ಮುಕ್ಕಾಲು ಪಾಲಿನ ತಲೆಯನ್ನು ಲಾರಿಯವನು ಕಬ್ಬಿಣದ ಸಲಾಕೆಯಿಂದ ಅಲ್ಲೇ ಜಜ್ಜಿದ. ಮನೆಗೆ ಬಂದ ತಮ್ಮ ಸ್ನಾನ ಮಾಡಿ, ಮತ್ತೆ ಸ್ನಾನ ಮಾಡಿ, ತಟ್ಟೆ ನೋಡಿ ಎದ್ದುಹೋದ. ಆಮೇಲೆ ಮಾಂಸ ಮುಟ್ಟಲಿಲ್ಲ, ಮೊಟ್ಟೆ ಮುಟ್ಟಲಿಲ್ಲ, ಹಾಲೂ ಮುಟ್ಟಲಿಲ್ಲ. ಯಾರಿಗೂ ಉಪದೇಶ ಮಾಡಲಿಲ್ಲ. ಕಾರಣ ಹೇಳಿದ್ದು ಅಣ್ಣನೊಬ್ಬನಿಗೇ.

ಅಂಕಣಕಾರ ಮೊದಲ ಕಂತಿನಲ್ಲಿ ಅದನ್ನೆಲ್ಲ ಬರೆದ. ಬರೆಯುವಾಗ ಕಣ್ಣೊದ್ದೆಯಾಯಿತು, ಮೂರು ಸಲ ಎದ್ದು ನೀರು ಕುಡಿದ. ಮರುದಿನ ಅಚ್ಚಾದದ್ದು ನೋಡಿದರೆ ಲಾರಿಯೇ ಇಲ್ಲ. 'ಯಾವುದೋ ಮರಿಯ ಕಣ್ಣು ನೋಡಿ ಮರುಳಾದ ನನ್ನ ತಮ್ಮ, ಮನೆಯವರ ಬಾಯಲ್ಲಿ ಮೇಕೆ' ಎಂದು ಒಂದು ಸಾಲು ಬಂದು ಕೂತಿತ್ತು. ಮನೆಯವರು ಎಂದರೆ ಅಂಕಣಕಾರನೊಬ್ಬನೇ, ಅವನು ಹಾಗೆ ಯಾವತ್ತೂ ಕರೆದಿರಲಿಲ್ಲ.

"ಬೆಳಗ್ಗೆ ತಿಂಡಿ ಹೊತ್ತಲ್ಲಿ ಕತ್ತರಿಸಿದ ಕಾಲು ಯಾರಿಗೆ ಬೇಕು?" ಎಂದರು ಸಂಪಾದಕಿ. "ಮೇಕೆ ಅನ್ನೋದು ಚೆನ್ನಾಗಿದೆ. ಜನ ನಗ್ತಿದಾರೆ. ಅದನ್ನೇ ಬೆಳೆಸಿ."

ಅವನು ಬೆಳೆಸಿದ. ಏನು ಮಾಡುವುದು, ಕೈ ಪಳಗಿತ್ತು. ಸೋಯಾ ಹಾಲು ಒಡೆದು ಕಾಫಿಯಲ್ಲಿ ಮೊಸರಿನಂತೆ ತೇಲಿದ್ದು, ಬಸ್ಸಿನಲ್ಲಿ ಹೊಟ್ಟೆ ಗುಡುಗಿದ್ದು, ಬೇಕರಿಯ ಗಾಜಿಗೆ ಮೂಗು ಒತ್ತಿ ನಿಂತದ್ದು, ಪ್ರತಿ ಕಂತಿನ ಕೊನೆಗೆ ಮೇಕೆ ತಮ್ಮನ ಒಂದು ಪೆದ್ದು ಮಾತು. ತಮ್ಮ ಓದಿ, "ಹೊಟ್ಟೆಪಾಡು, ಬರ್ಕೋ ಅಣ್ಣ," ಎಂದು ನಕ್ಕು ಡಿಪೋಗೆ ಹೋಗುತ್ತಿದ್ದ. ಡಿಪೋದಲ್ಲಿ ಅವನು ಒಳಗೆ ಬಂದ ಕೂಡಲೇ ಯಾರೋ ಒಬ್ಬ 'ಮ್ಯಾ' ಎನ್ನುತ್ತಿದ್ದ, ಆಮೇಲೆ ಇಡೀ ಶೆಡ್ಡು 'ಮ್ಯಾ' ಎನ್ನುತ್ತಿತ್ತು. ಅದನ್ನು ಮಾತ್ರ ಮನೆಯಲ್ಲಿ ಹೇಳಲಿಲ್ಲ.

ತೊಂದರೆ ಶುರುವಾದದ್ದು ಅಂಕಣಕಾರ ಆರಾಮಾದಾಗ. ಹತ್ತನೆಯ ದಿನದ ಹೊತ್ತಿಗೆ ಹೊಟ್ಟೆ ಹಗುರಾಯಿತು, ನಿದ್ದೆ ಚೆನ್ನಾಗಿ ಬಂತು. ಹಾಗೇ ಬರೆದ. ಸಂಪಾದಕಿ ಫೋನಿನಲ್ಲೇ ಹರಿಹಾಯ್ದರು. "ನೀವು ಆರಾಮಾಗಿದ್ರೆ ಓದುಗರಿಗೇನ್ರೀ ಬಂತು? ನಾಳೆ ನಗು ಬರದಿದ್ರೆ ಸರಣಿ ನಿಲ್ಲಿಸ್ತೀನಿ."

ಬೇರೆ ಯಾರಾದರೂ ಆಗಿದ್ದರೆ ಒಂದು ಪ್ರಸಂಗ ಕಟ್ಟಿ ಕೈ ತೊಳೆದುಕೊಳ್ಳುತ್ತಿದ್ದರು. ಆದರೆ ಅಂಕಣಕಾರನಿಗೆ ಒಂದು ಹಟವಿತ್ತು, ಇಪ್ಪತ್ತು ವರ್ಷದಿಂದ ಅದರ ಬಗ್ಗೆ ಹೆಮ್ಮೆಯೂ ಇತ್ತು. ನಡೆಯದ್ದನ್ನು ಅವನು ಬರೆಯುತ್ತಿರಲಿಲ್ಲ. ಹಾಗಾಗಿ ಹನ್ನೊಂದನೆಯ ದಿನ ಪೇಟೆಯಿಂದ ಕೋಳಿಯ ಎಲುಬು ತಂದು, ಎರಡು ಗಂಟೆ ಬೇಯಿಸಿ, ರಸ ಸೋಸಿ, ತಮ್ಮನ ಕಾಳಿನ ಸೂಪಿಗೆ ಸುರಿದ. ಎಲುಬನ್ನು ಕಾಗದದಲ್ಲಿ ಸುತ್ತಿ ಬೀದಿಯ ಕೊನೆಯ ಕಸದ ತೊಟ್ಟಿಗೆ ಎಸೆದು ಬಂದ. ತಮ್ಮ ಎರಡು ಬಟ್ಟಲು ಕುಡಿದು, ಮೂರನೆಯದಕ್ಕೆ ಕೈ ಚಾಚಿ, ಬೆರಳು ನೆಕ್ಕಿದ. "ಏನು ಹಾಕಿದೀಯೋ ಅಣ್ಣ, ಅವ್ವನ ಕೈರುಚಿ ಬಂದಿದೆ," ಎಂದ. ಅಂಕಣಕಾರ ಮಾತ್ರ ಅದನ್ನು ಮುಟ್ಟಲಿಲ್ಲ. ಅವನ ಇಪ್ಪತ್ತೊಂದು ದಿನ ಇನ್ನೂ ಮುಗಿದಿರಲಿಲ್ಲವಲ್ಲ, ನಿಯಮ ನಿಯಮವೇ.

ಕಂತು ಮರುದಿನ ಬಂತು. ಡಿಪೋದಲ್ಲಿ ಏನು ನಡೆಯಿತೆಂದು ಅಂಕಣಕಾರನಿಗೆ ತಿಳಿದದ್ದು ಆಸ್ಪತ್ರೆಯ ಬೆಂಚಿನ ಮೇಲೆ, ಮೂವರು ಮೂರು ತುಂಡಾಗಿ ಹೇಳಿದ್ದರಿಂದ. ಊಟದ ಹೊತ್ತಿನಲ್ಲಿ ಟೈರ್ ವಿಭಾಗದ ಗೂಳಿ ಬೆಂಚಿನ ಮೇಲೆ ನಿಂತು ಕಂತನ್ನು ಗಟ್ಟಿಯಾಗಿ ಓದಿದ. ಅವನ ಹೆಗಲು ನೋಡಿ ಎಲ್ಲರೂ ಅವನನ್ನು ಗೂಳಿ ಎನ್ನುತ್ತಿದ್ದರು. 'ಬೆರಳು ನೆಕ್ಕಿತು ನಮ್ಮ ಮೇಕೆ' ಎಂಬಲ್ಲಿಗೆ ಬಂದಾಗ ತಗಡಿನ ಸೂರು ಹಾರುವಂತೆ ನಕ್ಕರು.

"ಅದು ಸುಳ್ಳು," ಎಂದ ತಮ್ಮ, ತನ್ನ ಡಬ್ಬಿ ಮುಚ್ಚುತ್ತ. "ನಮ್ಮಣ್ಣ ಹಂಗೆಲ್ಲ ಮಾಡೋನಲ್ಲ. ನಗ್ಸೋಕೆ ಬರೆದಿದಾನೆ."

"ಸುಳ್ಳಾದ್ರೆ ನಿಜ ಮಾಡಾಣ ಬಾರೋ," ಎಂದ ಗೂಳಿ.

ನಾಲ್ಕು ಜನ ಹಿಡಿದರು. ಇಬ್ಬರು ಕೈ, ಒಬ್ಬ ಕಾಲು, ಒಬ್ಬ ಕೂದಲು. ಗೂಳಿ ಎದೆಯ ಮೇಲೆ ಮಂಡಿ ಊರಿ, ಮೂಗು ಮುಚ್ಚಿ, ಉಸಿರಿಗಾಗಿ ಬಾಯಿ ತೆರೆದಾಗ ತನ್ನ ಊಟದ ಡಬ್ಬಿಯಲ್ಲಿದ್ದ ಮಾಂಸವನ್ನು ಎಲುಬಿನ ಸಮೇತ ಎರಡು ಬೆರಳಿನಿಂದ ಗಂಟಲಿನ ತನಕ ತುರುಕಿದ. ಹಲ್ಲು ಕಚ್ಚಿದರೆ ಕೆನ್ನೆಗೆ ಗುದ್ದಿದ. ಎಲುಬು ಸೀಳಿ ವಸಡು ಹರಿಯಿತು. ಯಾರೋ 'ಮ್ಯಾ' ಎಂದು ತಾಳ ಹಾಕುತ್ತಿದ್ದರು. ನುಂಗುವ ತನಕ ಬಿಡಲಿಲ್ಲ.

ಬಿಟ್ಟ ಮೇಲೆ ತಮ್ಮ ನೆಲಕ್ಕೆ ರಕ್ತ ಉಗಿದನಂತೆ. ಆಮೇಲೆ ಎದ್ದು, ಟೈರ್ ಬಿಚ್ಚುವ ಕಬ್ಬಿಣದ ಪಟ್ಟಿ ಎತ್ತಿಕೊಂಡು ಗೂಳಿಯ ಮುಖಕ್ಕೆ ಬೀಸಿದ. ದವಡೆ ಮುರಿದ ಶಬ್ದ ಬಾಗಿಲಾಚೆಗೂ ಕೇಳಿಸಿತು. ಎರಡನೆಯ ಏಟು ಹೆಗಲಿಗೆ, ಮೂರನೆಯದು ಅಡ್ಡ ಬಂದವನ ಮೊಣಕೈಗೆ. ನಾಲ್ಕನೆಯದಕ್ಕೆ ಐದು ಜನ ಅವನ ಮೇಲೆ ಬಿದ್ದರು.

ಸಂಪಾದಕಿ ಸಂಜೆಯೇ ಫೋನ್ ಮಾಡಿದರು. ಪಾಪ, ತಮ್ಮ ಹೇಗಿದ್ದಾನೆ ಎಂದು ಮೊದಲು ಕೇಳಿದರು, ಸುಳ್ಳು ಹೇಳಬಾರದು. ಆಮೇಲೆ ಅಂದರು, "ಹದಿಮೂರನೇ ಕಂತು ನೀವು ಬರೆಯೋದು ಬೇಡ, ನಾನೇ ಮಾಡ್ಸಿದೀನಿ." ಬೆಳಗ್ಗೆ ಪೇಪರಿನಲ್ಲಿ ಬಂತು: 'ಸೊಪ್ಪು ತಿಂದರೆ ಸಿಟ್ಟು ಹೆಚ್ಚುವುದೇ? ತಜ್ಞರು ಏನನ್ನುತ್ತಾರೆ?' ತಜ್ಞರು ಹೆಚ್ಚಬಹುದು ಎಂದಿದ್ದರು.

ಡಿಪೋದ ವಿಚಾರಣೆ ಇದ್ದದ್ದು ಇಪ್ಪತ್ತನೆಯ ದಿನ. ಅಷ್ಟು ದಿನ ತಮ್ಮ ಅಮಾನತಿನಲ್ಲಿ ಮನೆಯಲ್ಲಿದ್ದ, ಬಾಯೊಳಗೆ ಹೊಲಿಗೆ, ಗಂಜಿನೀರು ಬಿಟ್ಟರೆ ಏನೂ ಇಳಿಯುತ್ತಿರಲಿಲ್ಲ. ಒಂದೇ ಮಾತು ಹೇಳುತ್ತಿದ್ದ. "ಅದು ಸುಳ್ಳು ಅಂತ ಒಂದು ಮಾತು ಹೇಳ್ಬಿಡು ಅಣ್ಣ. ಇಲ್ದಿದ್ರೆ, 'ನೀನು ಮೊದಲೇ ತಿಂದೋನಲ್ವಾ, ಇದಕ್ಕ್ಯಾಕೆ ಮೈಮೇಲೆ ಬಂತು' ಅಂತ ನಂಗೇ ಕೇಳ್ತಾರೆ." ನಿಜಾನಾ ಎಂದು ಅವನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಅಂಕಣಕಾರ ಹೇಳಿಬಿಡುತ್ತಿದ್ದನೇನೋ. ಕೇಳದಿದ್ದದ್ದೇ ಅವನ ಎದೆಯಲ್ಲಿ ಮುಳ್ಳಾಗಿತ್ತು.

ಮ್ಯಾನೇಜರರ ಮೇಜಿನ ಮೇಲೆ ಆ ಕಂತಿನ ತುಣುಕಿತ್ತು, ಕೊನೆಯ ಪ್ಯಾರಾಕ್ಕೆ ಕೆಂಪು ಗೆರೆ. ಗೂಳಿ ದವಡೆಗೆ ತಂತಿ ಕಟ್ಟಿಸಿಕೊಂಡು ಎದುರು ಕೂತಿದ್ದ, ಜೊಲ್ಲು ಒರೆಸಿಕೊಳ್ಳಲು ಕೈಯಲ್ಲಿ ಬಟ್ಟೆ. ಆ ಗೂಳಿಯೂ ನೋಡಲು ಪಾಪ ಅನ್ನಿಸುವಂತಾಗಿದ್ದ.

"ಇವರು ನಿಮ್ಮ ಬರಹ ನಂಬಿ ತಮಾಷೆ ಮಾಡಿದ್ವಿ ಅಂತಾರೆ. ನೀವು ಹೇಳಿ," ಎಂದರು ಮ್ಯಾನೇಜರ್. "ಇದು ನಡೆದದ್ದೋ, ಕಟ್ಟಿದ್ದೋ? ನಡೆದದ್ದಾದ್ರೆ ಇವನು ಸುಮ್‌ಸುಮ್ನೆ ಒಬ್ಬರ ಮುಖ ಮುರಿದಂಗಾಯ್ತು, ಮನೆಗೆ ಕಳಿಸ್ತೀನಿ. ಕಟ್ಟಿದ್ದಾದ್ರೆ ಮಾತೇ ಬೇರೆ."

ತಮ್ಮ ಅಣ್ಣನ ಕಡೆ ನೋಡಲೂ ಇಲ್ಲ, ಅಷ್ಟು ನೆಚ್ಚಿಕೆ.

"ಕಟ್ಟಿದ್ದು," ಎಂದ ಅಂಕಣಕಾರ. "ಬರೀ ಸುಳ್ಳು. ನಗಿಸೋಕೆ ಬರೆದೆ." ಮ್ಯಾನೇಜರ್ ಬರೆದುಕೊಂಡ ಹೇಳಿಕೆಗೆ ರುಜುವನ್ನೂ ಹಾಕಿದ. ಇಪ್ಪತ್ತು ವರ್ಷದಲ್ಲಿ ಅವನು ರುಜು ಹಾಕಿಕೊಟ್ಟ ಮೊದಲ ಸುಳ್ಳು ಅದು.

ತಮ್ಮನಿಗೆ ಬೇರೆ ಡಿಪೋಗೆ ವರ್ಗವಾಯಿತು, ಕೆಲಸ ಉಳಿಯಿತು. ಗೂಳಿಯೂ ಹಿಡಿದ ನಾಲ್ವರೂ ಅಮಾನತಾದರು. ಮನೆಗೆ ನಡೆದು ಬರುವಾಗ ತಮ್ಮ ಹುಡುಗನಂತೆ ಮುಂದೆ ಮುಂದೆ ಹೆಜ್ಜೆ ಹಾಕುತ್ತಿದ್ದ. ಬಾಗಿಲು ತೆಗೆಯುತ್ತಲೇ, "ಹಸಿವಾಗ್ತಿದೆ ಕಣೋ. ಆವತ್ತು ಮಾಡಿದ್ಯಲ್ಲ, ಕಾಳಿನ ಸೂಪು, ಅದನ್ನೇ ಮಾಡು. ಅದಾದ್ರೆ ಇಳಿಯುತ್ತೆ," ಎಂದ.

ಅಂಕಣಕಾರ ಕಾಳು ಬೇಯಿಸಿದ. ಈರುಳ್ಳಿ, ಬೆಳ್ಳುಳ್ಳಿ, ಕಾಳುಮೆಣಸು, ಉಪ್ಪು, ಮನೆಯಲ್ಲಿದ್ದ ಸೊಪ್ಪೆಲ್ಲ ಹಾಕಿದ. ರುಚಿ ನೋಡಿದ, ಇನ್ನಷ್ಟು ಬೆಳ್ಳುಳ್ಳಿ ಹಾಕಿದ. ದೇವರೇ, ಇದೊಂದು ಸಲ ಹಾಗೇ ಬರಲಿ ಎಂದುಕೊಂಡ.

ತಮ್ಮ ಹೊಲಿಗೆಗೆ ತಾಗದಂತೆ ಒಂದು ಗುಟುಕು ಒಳಗೆ ಬಿಟ್ಟುಕೊಂಡ. ಇನ್ನೊಂದು ಗುಟುಕು.

"ಚೆನ್ನಾಗಿದೆ," ಎಂದ. "ಆವತ್ತಿನ ಹಾಗಿಲ್ಲ. ಏನೋ ಬಿಟ್ಟಿದೀಯ ನೀನು. ಏನು ಹಾಕಿದ್ದೆ ಆವತ್ತು?"

ಅಂಕಣಕಾರ ಸೌಟು ಹಿಡಿದು ನಿಂತಿದ್ದ. ಮರೆತೆ ಅನ್ನಬಹುದಿತ್ತು. ಅಂಗಡಿ ಬೇರೆ, ಕಾಳು ಬೇರೆ ಅನ್ನಬಹುದಿತ್ತು. ಒಂದು ಸುಳ್ಳು ಹೇಳಿದ ಬಾಯಿಗೆ ಎರಡನೆಯದು ಭಾರವಲ್ಲ ಎಂದು ಅವನೂ ಎಣಿಸಿದ್ದ.

"ಎಲುಬಿನ ರಸ," ಎಂದ. "ಕೋಳಿದು. ಬರೆದಿದ್ದು ನಿಜ ಕಣೋ. ಇವತ್ತು ಹೇಳಿದ್ದು ಸುಳ್ಳು."

ತಮ್ಮ ಬಟ್ಟಲನ್ನು ಚೆಲ್ಲದಂತೆ ಕೆಳಗಿಟ್ಟ. "ಏನಂದೆ?"

ಅಂಕಣಕಾರ ಇನ್ನೊಮ್ಮೆ ಹೇಳುವ ಮೊದಲೇ ಏಟು ಬಿತ್ತು. ಕಬ್ಬಿಣ ಬಗ್ಗಿಸುವ ಕೈ ಅದು. ಮೂಗು ಮುರಿದು ಬಾಯಿಗೆ ಬಿಸಿ ರಕ್ತ ಬಂತು. ಬೆನ್ನು ಗೋಡೆಗೆ ಬಡಿಯಿತು, ಪಾತ್ರೆಯ ಹಲಗೆ ಕಳಚಿ ತಟ್ಟೆ ಲೋಟ ತಲೆಯ ಮೇಲೆ ಸುರಿದವು. ತಮ್ಮ ಅಂಗಿ ಹಿಡಿದೆತ್ತಿ ಮತ್ತೆ ಹೊಡೆದ, ಮತ್ತೆ ಹೊಡೆದ. ಹೊಡೆಯುವಾಗ ಬೈಯಲಿಲ್ಲ, ಅದೇ ಹೆದರಿಕೆಯಾಗುವಂತಿತ್ತು. ಅಂಕಣಕಾರ ಕೈ ಅಡ್ಡ ಹಿಡಿಯಲಿಲ್ಲ. ಪಕ್ಕೆಲುಬಿನಲ್ಲಿ ಏನೋ ಲಟಕ್ಕೆಂದಿತು. ಸಾಯಿಸಿಬಿಡುತ್ತಾನೆ ಅನ್ನಿಸಿತು, ಸಾಯಿಸಲಿ ಅಂತಲೂ ಅನ್ನಿಸಿತು.

"ನಂಗೆ ತಿನ್ನಿಸೋಕೆ ಅಲ್ಲಿ ಐದು ಜನ ಬೇಕಾಯ್ತು," ಎಂದ ತಮ್ಮ ಕೊನೆಗೆ, ಏದುಸಿರಿನಲ್ಲಿ. "ನಿಂಗೆ ಯಾರೂ ಬೇಕಾಗ್ಲಿಲ್ಲ."

ಅಂಗಿ ಬಿಟ್ಟು ಪಾತ್ರೆ ತೊಳೆಯುವ ತೊಟ್ಟಿಯ ಬಳಿ ಹೋದ. ನಲ್ಲಿ ತಿರುಗಿಸಿದ. ಎರಡು ಬೆರಳನ್ನು ಗಂಟಲಿಗೆ ಇಳಿಸಿ ಓಕರಿಸಿದ. ಈಗ ಕುಡಿದ ಎರಡು ಗುಟುಕು ಬಂತು. ಮತ್ತೆ ಇಳಿಸಿದ. ಹೊಲಿಗೆ ಬಿಚ್ಚಿ ರಕ್ತ ಬಂತು, ನೀರು ಬಂತು, ಆಮೇಲೆ ಏನೂ ಇಲ್ಲ. ಬರಿದೆ ಮೈಯೆಲ್ಲ ಹಿಂಡಿಕೊಳ್ಳುತ್ತಿತ್ತು.

ಅಂಕಣಕಾರ ಗೋಡೆ ಹಿಡಿದು ಎದ್ದ. ತಟ್ಟೆಗಳನ್ನು ಕಾಲಿನಿಂದ ಸರಿಸುತ್ತ ತೊಟ್ಟಿಯ ತನಕ ಬಂದ.

"ಬರ್ತಾ ಇಲ್ಲ ಅಣ್ಣ," ಎಂದ ತಮ್ಮ, ತಲೆ ಎತ್ತದೆ. "ಅದು ಕುಡಿದು ಒಂಬತ್ತು ದಿನ ಆಯ್ತು. ಬರ್ತಾನೇ ಇಲ್ಲ."

ವಾಂತಿ ಮಾಡುವ ಮಗುವಿಗೆ ಹಿಡಿಯುವ ಹಾಗೆ ಅಂಕಣಕಾರ ಅಂಗೈಯನ್ನು ಅವನ ಹಣೆಗೆ ಒತ್ತಿ ಹಿಡಿದ. ಹಣೆ ಬಿಸಿಯಿತ್ತು, ಬೆವರಿತ್ತು. ತಮ್ಮ ಕೈಯನ್ನು ಕೊಡವಲಿಲ್ಲ, ಅದಕ್ಕೆ ಆನಿಕೊಳ್ಳಲೂ ಇಲ್ಲ. ಉಸಿರೆಳೆದುಕೊಂಡು, ಮತ್ತೆ ಬೆರಳನ್ನು ಗಂಟಲಿಗೆ ಇಳಿಸಿದ.