ಗುಹೆಯಾಚೆಯ ಆರು ಜನ

ಸ್ಯಾನ್ ಲಾರೆನ್ಸ್ ಊರು ದಾಟಿ ವ್ಯಾನು ಇಳಿಜಾರಿಗೆ ತಿರುಗುವಾಗಲೇ ಗಾಳಿ ದಿಕ್ಕು ಬದಲಿಸಿತ್ತು. ಚೆತ್ತಿನಾ ಅದನ್ನು ಗಮನಿಸದೆ ಇರಲಿಲ್ಲ. ಗೋಝೋ ದ್ವೀಪದಲ್ಲೇ ಹುಟ್ಟಿ ಬೆಳೆದವಳು. ಹದಿನಾರು ವರ್ಷದಿಂದ ಅದೇ ದ್ವೀಪವನ್ನು ಹೊರಗಿನವರಿಗೆ ಬೆಳಗಿನಿಂದ ಸಂಜೆಯವರೆಗೆ ಸುತ್ತಿಸಿ ತೋರಿಸುತ್ತ ಬಂದವಳು. ವಾಯವ್ಯದ ಗಾಳಿ ಎದ್ದರೆ ಪಡುವಣ ದಂಡೆಯ ಗತಿ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಆವತ್ತು ಬೆಳಗಿನಿಂದ ಒಂದೂ ನೆಟ್ಟಗೆ ನಡೆದಿರಲಿಲ್ಲ. ಮಾಲ್ಟಾದಿಂದ ಬರುವ ಹಡಗು ಒಂದು ಗಂಟೆ ತಡ. ಹಳೆಯ ಕಲ್ಲುಗುಡಿಯ ಬಾಗಿಲಿಗೆ ರಿಪೇರಿಯ ಬೋರ್ಡು. ಉಪ್ಪಿನ ಪಾತಿಗಳನ್ನು ವ್ಯಾನಿನ ಕಿಟಕಿಯಿಂದಲೇ ತೋರಿಸಿ ಮುಗಿಸಬೇಕಾಯಿತು. ಹಿಂದೆ ಕೂತ ಏಳು ಜನರ ಮುಖ ಊಟದ ಹೊತ್ತಿಗೆ ಬಿಗಿದುಕೊಂಡಿತ್ತು. ಹೊಸದಾಗಿ ಮದುವೆಯಾಗಿದ್ದ ಪೋರ್ಚುಗಲ್ಲಿನ ಹುಡುಗಿ ಇನೇಸ್ ಕೊನೆಗೆ ಕೇಳಿಯೇಬಿಟ್ಟಳು: "ಗುಹೆಯೊಳಗೆ ದೋಣಿಯಲ್ಲಿ ಹೋಗೋದಾದ್ರೂ ಇದೆಯಾ, ಅದೂ ಇಲ್ವಾ?"

"ಇದೆ, ಖಂಡಿತ ಇದೆ," ಎಂದುಬಿಟ್ಟಳು ಚೆತ್ತಿನಾ.

ಪಡುವಣ ದಂಡೆಯ ದ್ವೇಯ್ರಾದಲ್ಲಿ ಬಂಡೆಯ ಗೋಡೆಗಳ ನಡುವೆ ಒಂದು ಪುಟ್ಟ ಕೊಳವಿದೆ. ಸಮುದ್ರದ್ದೇ ನೀರು. ಎದುರಿನ ಬಂಡೆಯನ್ನು ಕೊರೆದುಕೊಂಡು ಹೋದ ಎಂಬತ್ತು ಮೀಟರಿನ ಗುಹೆಯೊಂದು ಆ ಕೊಳವನ್ನು ಆಚೆಯ ಕಡಲಿಗೆ ಸೇರಿಸುತ್ತದೆ. ಸಮುದ್ರ ಸುಮ್ಮನಿದ್ದ ದಿನ ದೋಣಿಯವರು ಜನರನ್ನು ಕೂರಿಸಿಕೊಂಡು ಗುಹೆ ದಾಟಿ, ಆಚೆ ಒಂದು ಸುತ್ತು ಹೊಡೆದು, ಇಪ್ಪತ್ತು ನಿಮಿಷಕ್ಕೆ ವಾಪಸು ತರುತ್ತಾರೆ.

ವ್ಯಾನು ನಿಲ್ಲಿಸಿ ಇಳಿದಾಗ ಚೆತ್ತಿನಾಳ ಕಣ್ಣಿಗೆ ಮೊದಲು ಬಿದ್ದದ್ದು ಗ್ರೆಟ್ಸಿಯುವಿನ ದೋಣಿ. ಅದು ಆಗಲೇ ನೀರಿನಿಂದ ಮೇಲೆ, ಉರುಟುಗಲ್ಲಿನ ದಂಡೆಯ ಮೇಲಿತ್ತು. ಅರವತ್ತಾರು ವರ್ಷದ ಗ್ರೆಟ್ಸಿಯು ತನ್ನ ಶೆಡ್ಡಿನ ಬಾಗಿಲಲ್ಲಿ ಕೂತು ಬಲೆ ಬಿಡಿಸುತ್ತಿದ್ದ. ಮಧ್ಯಾಹ್ನ ಎರಡು ಗಂಟೆಗೆ ಅವನು ದೋಣಿ ಮೇಲೆಳೆದಿದ್ದಾನೆಂದರೆ ಅರ್ಥ ಒಂದೇ. ಅದು ಅವಳಿಗೂ ಗೊತ್ತಿತ್ತು.

ಆದರೆ ಅವನು ಗ್ರೆಟ್ಸಿಯು. ಅವಳ ಗಂಡ ಝಾರೆನನ ಅಣ್ಣ. ಆರು ವರ್ಷದಿಂದ ಇಬ್ಬರ ನಡುವೆ ಮಾತಿಲ್ಲ.

ಝಾರೆನ್ ಸತ್ತು ಹನ್ನೊಂದು ವರ್ಷವಾಗಿತ್ತು. ಗುಹೆಯಾಚೆ ಇಳಿಬಿಟ್ಟಿದ್ದ ಮೀನು ಹಿಡಿಯುವ ಬುಟ್ಟಿಗಳನ್ನು ಎತ್ತಲು ಹೋದವನು ಬಿರುಗಾಳಿಗೆ ಸಿಕ್ಕು ಮುಳುಗಿದ. ಆಗ ಗ್ರೆಟ್ಸಿಯು ಇದೇ ದಂಡೆಯಲ್ಲಿದ್ದ. ಕಾಪಾಡಲು ಆಚೆಗೆ ಹೋಗಲಿಲ್ಲ. ಆ ಮಾತನ್ನು ಚೆತ್ತಿನಾ ಐದು ವರ್ಷ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಆಮೇಲೊಂದು ದಿನ ಅಲೆ ಜಾಸ್ತಿ ಎಂದು ಅವನು ಅವಳ ಪ್ರವಾಸಿಗರನ್ನು ಕರೆದೊಯ್ಯಲು ಒಪ್ಪದಿದ್ದಾಗ, ಎಲ್ಲರೆದುರಿಗೆ ಅಂದುಬಿಟ್ಟಳು: "ತಮ್ಮ ಮುಳುಗ್ತಿದ್ರೆ ದಡದಲ್ಲಿ ನಿಂತು ನೋಡ್ದೋನಲ್ವಾ ನೀನು? ನಿನ್ನಿಂದ ಇನ್ನೇನಾಗುತ್ತೆ!"

ಗ್ರೆಟ್ಸಿಯು ಶೆಡ್ಡಿನ ಬಾಗಿಲು ಹಾಕಿಕೊಂಡಿದ್ದ. ಅಂದಿನಿಂದ ಅವಳು ತನ್ನ ಜನರನ್ನು ಅದೇ ದಂಡೆಯ ಇನ್ನೊಬ್ಬ ಅಂಬಿಗ ಲೊನ್ಜುವಿನ ದೋಣಿಗೆ ಹತ್ತಿಸುತ್ತಿದ್ದಳು.

ಲೊನ್ಜು ಅವತ್ತು ದೋಣಿ ಕಟ್ಟಿ ಮನೆಗೆ ಹೊರಡುವವನಿದ್ದ. "ಬೇಡ ಅಕ್ಕ. ಗಾಳಿ ನೋಡು. ಉಳಿದವರೆಲ್ಲ ಹೊರಟೋದ್ರು."

"ಹತ್ತೇ ನಿಮಿಷ ಕಣೋ. ಗುಹೆ ದಾಟಿ ಮೂಗು ಆಚೆ ಹಾಕಿ ಬಂದ್ಬಿಡು. ಬೆಳಗ್ಗೆಯಿಂದ ಈ ಜನಕ್ಕೆ ಒಂದೂ ತೋರಿಸಿಲ್ಲ ನಾನು."

"ಗ್ರೆಟ್ಸಿಯು ದೋಣಿ ಎಳೆದುಬಿಟ್ಟಿದ್ದಾನೆ..."

"ಅವನು ಮೋಡ ನೋಡಿದ್ರೂ ಎಳೀತಾನೆ. ನೀನೂ ಅವನ ಹಾಗೆ ಹೆದರುಪುಕ್ಕ ಆದ್ಯಾ?"

ಲೊನ್ಜುವಿನ ಕಿವಿ ಕೆಂಪಾಯಿತು. ಹಗ್ಗ ಬಿಚ್ಚಿದ. ಆರು ಜನ ಹತ್ತಿದರು: ಇನೇಸ್ ಮತ್ತು ಅವಳ ಗಂಡ ಡುವಾರ್ತೆ, ಪೋಲೆಂಡಿನ ಇಬ್ಬರು ಅಕ್ಕತಂಗಿಯರು, ಐರ್ಲೆಂಡಿನ ದಂಪತಿ. ಜರ್ಮನಿಯಿಂದ ಒಬ್ಬಳೇ ಬಂದಿದ್ದ ನಿವೃತ್ತ ಶಿಕ್ಷಕಿ ಹನ್ನೆಲೋರೆ ಮಾತ್ರ, "ನನಗೆ ಕತ್ತಲೆ ಆಗಿಬರುವುದಿಲ್ಲ," ಎಂದು ದಂಡೆಯಲ್ಲೇ ಉಳಿದಳು. ಹೊರಡುವಾಗ ಇನೇಸ್ ಕೇಳಿದಳು, "ಏನೂ ಭಯವಿಲ್ಲ ತಾನೇ?" ಚೆತ್ತಿನಾ ನಗುತ್ತ, "ಏನೂ ಇಲ್ಲಮ್ಮಾ," ಎಂದಳು.

ದೋಣಿ ಗುಹೆಯೊಳಗೆ ಮರೆಯಾಯಿತು. ಹತ್ತು ನಿಮಿಷ ಕಳೆಯಿತು. ಹದಿನೈದಾಯಿತು. ಗುಹೆಯ ಬಾಯಿಯಿಂದ ನೀರು ಉಬ್ಬಿ ಉಬ್ಬಿ ಒಳಕ್ಕೆ ಬರತೊಡಗಿತು. ಕೊಳದ ಅಂಚಿನ ಉರುಟುಗಲ್ಲುಗಳು ಗಲಗಲ ಉರುಳಿದವು. ಹನ್ನೆಲೋರೆ ಗಡಿಯಾರ ನೋಡಿಕೊಂಡಳು. ಇಪ್ಪತ್ತೆರಡನೆಯ ನಿಮಿಷಕ್ಕೆ ಚೆತ್ತಿನಾಳ ಫೋನು ಬಡಿದುಕೊಂಡಿತು.

"ಅಕ್ಕಾ, ಎಂಜಿನ್ ನಿಂತೋಯ್ತು!" ಲೊನ್ಜುವಿನ ದನಿ ಗಾಳಿಯಲ್ಲಿ ಹರಿದು ಹರಿದು ಬರುತ್ತಿತ್ತು. "ಯಾವ್ದೋ ಬಿಟ್ಟೋದ ಹಗ್ಗ ಕೆಳಗೆ ಪ್ರೊಪೆಲ್ಲರಿಗೆ ಸುತ್ತಿಕೊಂಡಿದೆ. ಲಂಗರು ತಳ ಮುಟ್ತಿಲ್ಲ. ಬಂಡೆ ಕಡೆಗೆ ತಳ್ತಾ ಇದೆ ಅಕ್ಕಾ..." ಹಿಂದೆ ಯಾವುದೋ ಹೆಂಗಸಿನ ಚೀರಾಟ. ಕರೆ ಕಡಿದುಹೋಯಿತು.

ಚೆತ್ತಿನಾ ತುರ್ತು ಸಂಖ್ಯೆ ಒತ್ತಿದಳು. ಗಸ್ತಿನ ದೋಣಿ ಮ್ಜಾರ್ ಬಂದರಿನಿಂದ ದ್ವೀಪ ಸುತ್ತಿ ಬರಬೇಕು, ಕಡಿಮೆಯೆಂದರೂ ನಲವತ್ತು ನಿಮಿಷ ಎಂದರು. ದೋಣಿಯಲ್ಲಿ ಎಷ್ಟು ಜನ, ಎಲ್ಲಿ, ಲೈನಿನಲ್ಲೇ ಇರಿ ಎಂದರು. ಅವಳು ಫೋನನ್ನು ಹನ್ನೆಲೋರೆಯ ಕೈಗಿಟ್ಟಳು. "ಇಂಗ್ಲಿಷಲ್ಲಿ ಮಾತಾಡಿ. ದೋಣಿಯವನು ಒಬ್ಬ, ಪ್ರವಾಸಿಗರು ಆರು. ಕೆಳಗಿಡಬೇಡಿ."

ಮುದುಕಿ ಬೆನ್ನು ನೆಟ್ಟಗೆ ಮಾಡಿಕೊಂಡು, "ಹೋಗಿ, ಹೋಗಿ," ಎಂದಳು.

ಚೆತ್ತಿನಾ ಉರುಟುಗಲ್ಲುಗಳ ಮೇಲೆ ಓಡಿದಳು. ಗ್ರೆಟ್ಸಿಯು ಬಲೆಯನ್ನು ಪಕ್ಕಕ್ಕಿಟ್ಟು ಎದ್ದು ನಿಂತಿದ್ದ. ಅವನಿಗೆ ಎಲ್ಲ ಕೇಳಿಸಿತ್ತು.

"ಲೊನ್ಜು ಎಂಜಿನ್ನು..." ಎಂದಳು.

"ಆರು ವರ್ಷ ಆದ್ಮೇಲೆ ನಾನು ಕಣ್ಣಿಗೆ ಕಂಡ್ನಾ?"

"ಬೈಯೋದಿದ್ರೆ ಆಮೇಲೆ ಬೈ. ಆರು ಜನ ಇದ್ದಾರೆ."

"ಬೈತೀನಿ. ಬಿಡ್ತೀನಿ ಅಂದ್ಕೊಂಡ್ಯಾ?" ಅಷ್ಟು ಹೇಳುವಷ್ಟರಲ್ಲಿ ಅವನು ದೋಣಿಯ ಹೊದಿಕೆ ಕಿತ್ತೆಸೆದಾಗಿತ್ತು. "ಆ ದಪ್ಪ ಹಗ್ಗ ತಗೋ. ಅದಲ್ಲ, ನೀಲಿದು! ಹತ್ತು ನೀನೂ. ಒಬ್ಬನೇ ಚುಕ್ಕಾಣಿ ಹಿಡ್ದು ಹಗ್ಗಾನೂ ಎಸೆಯೋಕೆ ನನಗೇನು ನಾಲ್ಕು ಕೈಯಾ?"

ಇಬ್ಬರೂ ಸೇರಿ ದೋಣಿಯನ್ನು ನೀರಿಗೆ ತಳ್ಳಿದರು. ಎಂಜಿನ್ನು ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಕೊಳ ದಾಟಿ ಗುಹೆಯ ಬಾಯಿಗೆ ಹತ್ತಿರವಾದಾಗ ಗ್ರೆಟ್ಸಿಯು ವೇಗ ಇಳಿಸಿ ದೋಣಿಯನ್ನು ಅಲ್ಲೇ ತೇಲಿಸಿಕೊಂಡು ನಿಂತ.

"ಯಾಕೆ ನಿಲ್ಲಿಸ್ದೆ? ನಡಿ!"

"ಸುಮ್ನಿರು."

ಗುಹೆಯ ತುಂಬ ನೀರು ನುಗ್ಗಿ ಬಂತು. ಎರಡೂ ಕಡೆಯ ಗೋಡೆಗೆ ಅಪ್ಪಳಿಸಿ ಬಿಳಿ ನೊರೆಯಾಗಿ, ಅವರ ದೋಣಿಯನ್ನು ಆಳೆತ್ತರ ಎತ್ತಿ ಕೆಳಗಿಳಿಸಿತು. ಹಿಂದೆಯೇ ಇನ್ನೊಂದು. ಅದರ ಹಿಂದೆ ಮತ್ತೊಂದು. ಆ ನೀರು ಬಂದಾಗ ಒಳಗಿದ್ದಿದ್ದರೆ ದೋಣಿ ಗೋಡೆಗೆ ಬಡಿದು ಚೂರಾಗುತ್ತಿತ್ತು.

ಅಲೆಗಳನ್ನೇ ನೋಡುತ್ತ ಗ್ರೆಟ್ಸಿಯು ಅಂದ: "ಅವತ್ತು ಯಾಕೆ ಹೋಗ್ಲಿಲ್ಲ ಅಂತ ಊರೆಲ್ಲ ಒಂದೊಂದು ಕಾರಣ ಹೇಳ್ತಾರೆ. ಗುಹೆ ತುಂಬಿತ್ತು ಅಂತಾರೆ, ಎಂಜಿನ್ ಕೆಟ್ಟಿತ್ತು ಅಂತಾರೆ. ಅದೆಲ್ಲ ಸುಳ್ಳು. ನನಗೆ ಭಯ ಆಯ್ತು. ಇದೇ ಜಾಗದವರೆಗೂ ಬಂದಿದ್ದೆ. ವಾಪಸ್ ತಿರುಗಿಸ್ಬಿಟ್ಟೆ."

ಅವಳು ಅವನ ಮುಖ ನೋಡಿದಳು.

"ಈಗ?" ಎಂದು ಕೇಳಿದಳು.

"ಈಗಲೂ ಭಯಾನೇ. ತಲೆ ಬಗ್ಗಿಸು. ಗಟ್ಟಿಯಾಗಿ ಹಿಡ್ಕೋ!"

ಮೂರನೆಯ ಅಲೆ ಹಿಂದಕ್ಕೆ ಸರಿಯುತ್ತಿದ್ದಂತೆ ದೋಣಿ ಅದರ ಬೆನ್ನ ಹಿಂದೆಯೇ ಗುಹೆಯೊಳಗೆ ನುಗ್ಗಿತು. ಕತ್ತಲೆ. ಎಂಜಿನ್ನಿನ ಸದ್ದು ನೂರಾಗಿ ಕಿವಿಗೆ ಬಡಿಯಿತು. ಎಡಗಡೆಯ ಗೋಡೆ ಕೈಗೆಟಕುವಷ್ಟು ಹತ್ತಿರ ಹಾದುಹೋಯಿತು. ಎದುರಿನ ಬೆಳಕಿನ ಬಾಗಿಲಲ್ಲಿ ಇನ್ನೊಂದು ಅಲೆ ಎದ್ದು ನಿಲ್ಲುವುದನ್ನು ಚೆತ್ತಿನಾ ಕಂಡಳು. ಗ್ರೆಟ್ಸಿಯು ಎಂಜಿನ್ನಿನ ವೇಗ ಪೂರ್ತಿ ಏರಿಸಿದ. ದೋಣಿಯ ಮೂಗು ಅಲೆಯನ್ನು ಹತ್ತಿ, ಗಾಳಿಯಲ್ಲಿ ನಿಂತು, ದಡ್ಡನೆ ಕಡಲಿಗೆ ಬಿತ್ತು. ಅವರು ಆಚೆಗೆ ಬಂದಿದ್ದರು.

ಲೊನ್ಜುವಿನ ದೋಣಿ ಬಲಕ್ಕೆ, ಬಂಡೆಗೋಡೆಯಿಂದ ಎರಡು ಮಾರು ದೂರದಲ್ಲಿತ್ತು. ಒಂದೊಂದು ಅಲೆಗೂ ಗೋಡೆಗೆ ಹೋಗಿ ಬಡಿಯುತ್ತಿತ್ತು. ಲೊನ್ಜು ಹುಟ್ಟುಗೋಲಿನಿಂದ ಬಂಡೆಯನ್ನು ಒತ್ತಿ ಒತ್ತಿ ದೋಣಿ ತಡೆಯುತ್ತಿದ್ದ. ಡುವಾರ್ತೆ ಬರಿಗೈಯಲ್ಲಿ ಅದನ್ನೇ ಮಾಡಲು ಹೋಗಿದ್ದನೇನೋ, ಕೈಯನ್ನು ಎದೆಗೆ ಅವಚಿಕೊಂಡು ಕುಸಿದು ಕೂತಿದ್ದ. ಇನೇಸಳ ಬಿಳಿ ಅಂಗಿಯೆಲ್ಲ ರಕ್ತ.

"ಎಸಿ!" ಎಂದು ಕೂಗಿದ ಗ್ರೆಟ್ಸಿಯು.

ಚೆತ್ತಿನಾ ಹಗ್ಗ ಎಸೆದಳು. ಗಾಳಿ ಅದನ್ನು ಹಿಂದಕ್ಕೆ ತಂದು ನೀರಿಗೆ ಹಾಕಿತು.

"ಸುತ್ತು ಹಾಕಿ ಬರ್ತೀನಿ. ಈ ಸಲ ಇನ್ನೂ ಹತ್ರ ಹೋಗ್ತೀನಿ. ಮೂರನೇ ಸಲ ಇಲ್ಲ, ಗೊತ್ತಾಯ್ತಾ? ನಾವೂ ಬಂಡೆಗೆ ಅಂಟ್ಕೋತೀವಿ."

ಒದ್ದೆ ಹಗ್ಗ ಈಗ ಎರಡು ಪಟ್ಟು ಭಾರ. ಅವಳು ಅದನ್ನು ಎಳೆದು ಸುರುಳಿ ಸುತ್ತಿಕೊಂಡು ದೋಣಿಯ ಮೂಗಿಗೆ ಹೋಗಿ ಎದ್ದು ನಿಂತಳು. ಕಾಲ ಕೆಳಗೆ ಹಲಗೆ ಜಾರುತ್ತಿತ್ತು. ದೋಣಿ ತಿರುಗಿ ಗೋಡೆಯತ್ತ ನುಗ್ಗಿತು. ಬಂಡೆಯ ಮೇಲಿನ ಪಾಚಿ ಕಾಣುವಷ್ಟು ಹತ್ತಿರ. ಲೊನ್ಜು ಹುಟ್ಟು ಬಿಸಾಡಿ ಎರಡೂ ಕೈ ಚಾಚಿದ. ಅವಳು ಹಗ್ಗವನ್ನು ಅವನ ಕೈಗಲ್ಲ, ತಲೆಯ ಮೇಲಿಂದ ಆಚೆಗೇ ಎಸೆದಳು. ಗಾಳಿ ತಂದು ಅವನ ಎದೆಯ ಮೇಲೆ ಹಾಕಿತು. ಪೋಲೆಂಡಿನ ಅಕ್ಕತಂಗಿಯರು ಅದರ ಮೇಲೆ ಬಿದ್ದು ಹಿಡಿದುಕೊಂಡರು. ಲೊನ್ಜು ಅದನ್ನು ದೋಣಿಯ ಗೂಟಕ್ಕೆ ಮೂರು ಸುತ್ತು ಸುತ್ತಿದ.

ಹಗ್ಗ ನೀರಿನಿಂದ ಮೇಲೆದ್ದು ತಂತಿಯಂತೆ ಬಿಗಿಯಿತು. ಒಂದು ಗಳಿಗೆ ಎರಡೂ ದೋಣಿ ಇದ್ದಲ್ಲೇ ಇದ್ದವು. ಲೊನ್ಜುವಿನ ದೋಣಿಯ ಹಿಂಭಾಗ ಬಂಡೆಗೆ ಕರಕರ ಉಜ್ಜಿತು. ಆಮೇಲೆ ಗೋಡೆ ಮೆಲ್ಲಗೆ, ತೀರ ಮೆಲ್ಲಗೆ, ದೂರವಾಗತೊಡಗಿತು.

"ಇವ್ರನ್ನ ಕಟ್ಕೊಂಡು ಆ ಗುಹೇಲಿ ವಾಪಸ್ ಹೋಗೋಕಾಗಲ್ಲ," ಎಂದ ಗ್ರೆಟ್ಸಿಯು. "ಶ್ಲೆಂಡಿಗೆ ಹೋಗೋದೇ."

ಶ್ಲೆಂಡಿ ಕೊಲ್ಲಿಗೆ ಮುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ಗಸ್ತಿನ ದೋಣಿ ಅರ್ಧ ದಾರಿಯಲ್ಲಿ ಸಿಕ್ಕಿ ಪಕ್ಕಪಕ್ಕದಲ್ಲೇ ಬಂತು. ಆ ಹೊತ್ತೆಲ್ಲ ಚೆತ್ತಿನಾ ಹಿಂದಿನ ದೋಣಿಯ ತಲೆಗಳನ್ನು ಎಣಿಸುತ್ತಲೇ ಇದ್ದಳು. ಏಳು. ಮತ್ತೆ ಏಳು. ಗ್ರೆಟ್ಸಿಯು ಬೈಯುತ್ತೇನೆಂದವನು ಬೈಯಲಿಲ್ಲ.

ದಂಡೆಯಲ್ಲಿ ಆಂಬುಲೆನ್ಸ್ ಕಾದಿತ್ತು. ಗಂಡನ ಜೊತೆ ಹತ್ತುವ ಮುಂಚೆ ಇನೇಸ್ ಚೆತ್ತಿನಾಳತ್ತ ತಿರುಗಿದಳು. "ಭಯವಿಲ್ಲ ಅಂದ್ರಿ ನೀವು."

"ಹೌದಮ್ಮಾ. ಅಂದೆ."

ಪೊಲೀಸರು ಅಲ್ಲೇ ಒಂದು ಹೋಟೆಲಿನ ಮೇಜಿನ ಬಳಿ ಕೂತು ಹೇಳಿಕೆ ಬರೆದುಕೊಂಡರು. ಲೊನ್ಜು ಕಂಬಳಿ ಹೊದ್ದು ನಡುಗುತ್ತ, "ನಂದೇ ತಪ್ಪು ಸಾರ್, ನಾನೇ ಹೋದೆ," ಎಂದ. ಅವಳು ಅವನ ಭುಜ ಒತ್ತಿ ಸುಮ್ಮನಾಗಿಸಿದಳು.

"ಅವನು ಬೇಡ ಅಂದ. ನಾನು ಹೆದರುಪುಕ್ಕ ಅಂತ ಹೀಯಾಳಿಸಿ ಕಳಿಸ್ದೆ. ಇನ್ನೊಂದೂ ಬರ್ಕೊಳ್ಳಿ. ಗ್ರೆಟ್ಸಿಯು ಅದಾಗಲೇ ದೋಣಿ ಎಳೆದಿದ್ದ. ಅದನ್ನ ನೋಡಿ, ನೋಡದೇ ಇರೋ ಹಾಗೆ ಮಾಡ್ದೆ."

"ಯಾಕೆ?" ಎಂದ ಪೊಲೀಸಿನವನು, ಪೆನ್ನು ಎತ್ತಿ.

"ಎಳೆದಿದ್ದವನು ಅವನು ಅನ್ನೋದಕ್ಕೇ."

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಗ್ರೆಟ್ಸಿಯು ಕಾಫಿ ಲೋಟದಲ್ಲಿ ಮುಖ ಹುದುಗಿಸಿದ.

ಅವಳಿಗೆ ಹನ್ನೆಲೋರೆಯ ನೆನಪಾದದ್ದು ಆಮೇಲೆ. ವಿಷಯ ತಿಳಿದು ಬಂದಿದ್ದ ಲೊನ್ಜುವಿನ ಅಣ್ಣ ತನ್ನ ಕಾರಿನಲ್ಲಿ ಅವಳನ್ನೂ ಗ್ರೆಟ್ಸಿಯುವನ್ನೂ ದ್ವೇಯ್ರಾಕ್ಕೆ ಬಿಟ್ಟ. ಮುದುಕಿ ಎಲ್ಲರ ಚೀಲಗಳನ್ನೂ ಸಾಲಾಗಿ ಇಟ್ಟುಕೊಂಡು, ಚಾರ್ಜು ಮುಗಿದ ಫೋನನ್ನು ಇನ್ನೂ ಕೈಯಲ್ಲಿ ಹಿಡಿದು ಕೂತಿದ್ದಳು.

"ಎಲ್ಲರೂ?" ಎಂದಳು.

"ಎಲ್ಲರೂ. ಒಬ್ಬನಿಗೆ ಕೈಗೆ ಪೆಟ್ಟಾಗಿದೆ."

ಹನ್ನೆಲೋರೆ ಆಗ ಅತ್ತಳು. ಗ್ರೆಟ್ಸಿಯು ಏನು ಮಾಡಬೇಕೋ ತೋಚದೆ ತನ್ನ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಡುವಾರ್ತೆಯ ಎಡಗೈಯ ಎರಡು ಬೆರಳು ಹೋದವು. ಅವನು ಆಸ್ಪತ್ರೆಯಲ್ಲಿದ್ದ ಐದು ದಿನವೂ ಚೆತ್ತಿನಾ ಸಾರು ಮಾಡಿ ತೆಗೆದುಕೊಂಡು ಹೋದಳು. ಮೊದಲ ಮೂರು ದಿನ ಇನೇಸ್ ಬಾಗಿಲಲ್ಲೇ ಅದನ್ನು ಇಸಿದುಕೊಂಡು, ಮಾತಾಡದೆ ಒಳಗೆ ಹೋದಳು. ನಾಲ್ಕನೆಯ ದಿನ, "ಇದರಲ್ಲಿ ಹಾಕಿರೋ ಸೊಪ್ಪು ಯಾವುದು, ಅವರು ಕೇಳ್ತಿದ್ದಾರೆ," ಎಂದಳು. ಕ್ಷಮಿಸಿದೆ ಎಂದು ಅವಳು ಯಾವತ್ತೂ ಹೇಳಲಿಲ್ಲ. ಚೆತ್ತಿನಾ ಕೇಳಲೂ ಇಲ್ಲ.

ವಿಚಾರಣೆಯ ನಂತರ ಅವಳ ಪರವಾನಗಿಯನ್ನು ಒಂದು ವರ್ಷ ಅಮಾನತು ಮಾಡಿದರು. ಆ ಚಳಿಗಾಲದಲ್ಲಿ ಅವಳು ದ್ವೀಪದ ವಿಕ್ಟೋರಿಯಾ ಪಟ್ಟಣದ ಒಂದು ಬೇಕರಿಯಲ್ಲಿ ಕೆಲಸಕ್ಕೆ ನಿಂತಳು. ಡಿಸೆಂಬರಿನ ಒಂದು ಬೆಳಗ್ಗೆ ಗ್ರೆಟ್ಸಿಯು ಅಲ್ಲಿಗೆ ಬಂದ. ಸಾಲಿನಲ್ಲಿ ನಿಂತು, ಸರದಿ ಬಂದಾಗ ಅವಳನ್ನು ನೋಡದೆ ಬ್ರೆಡ್ಡು ಕೇಳಿದ.

ಅವಳು ಬ್ರೆಡ್ಡು ಕಟ್ಟಿಕೊಟ್ಟಳು. "ಭಾವ," ಎಂದಳು, "ಅವತ್ತು ಎಲ್ಲರೆದುರಿಗೆ ಹಾಗೆ ಅನ್ನಬಾರದಾಗಿತ್ತು ನಾನು."

"ಅಂದಿದ್ದು ನಿಜ ತಾನೇ."

"ನಿಜ ಇರಬಹುದು. ಆದ್ರೂ ಅನ್ನಬಾರದಾಗಿತ್ತು."

ಹಿಂದೆ ನಿಂತ ಹೆಂಗಸು ಬೇಗ ಬೇಗ ಎಂದು ಗೊಣಗಿದಳು. ಗ್ರೆಟ್ಸಿಯು ಅವಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತ, ಹೋಗಲಿಲ್ಲ. "ಭಾನುವಾರ ಝಾರೆನ್ ಸಮಾಧಿಗೆ ಹೋಗ್ತಾ ಇದ್ದೀನಿ," ಎಂದ. "ಇದುವರೆಗೂ ಒಂದ್ಸಲಾನೂ ಹೋಗಿಲ್ಲ. ಒಬ್ಬನಿಗೇ ಆಗಲ್ಲ."

"ಎಷ್ಟೊತ್ತಿಗೆ?" ಎಂದು ಕೇಳಿದಳು ಚೆತ್ತಿನಾ.