ಇಪ್ಪತ್ತೆಂಟು ಕೊಡ, ಒಂದು ಕಂಪ್ಯೂಟರ್

೧.
ಎಲ್ಲಿಂದ ಹಿಡಿಯುವುದು? ಭಾಂಡುಪಿನ ಚಾಳಿನ, ಅಂದರೆ ವಠಾರದ, ನಲ್ಲಿಯಿಂದಲೋ, ಅಲ್ಲೇ ಹತ್ತಿರದ ಕಾಲೇಜಿನ ಕಂಪ್ಯೂಟರ್ ಕೋಣೆಯಿಂದಲೋ? ನಲ್ಲಿಯಿಂದ ಶುರುಮಾಡಿ ಒಂದು ಪುಟ ಬರೆದೆ. ಬರೀ ಬೈಗುಳ ಬಂತು, ಹರಿದುಹಾಕಿದೆ. (ಒಳ್ಳೊಳ್ಳೆಯ ಬೈಗುಳಗಳಿದ್ದವು. ನಷ್ಟ ನಿಮ್ಮದೇ.)

ಇರಲಿ. ೧೯೭೪, ಕಂಪ್ಯೂಟರ್ ಕೋಣೆ. ಬಾಗಿಲ ಮೇಲೆ ನೋಟಿಸು: ‘ಕಲಿಕೆ, ಸಂಶೋಧನೆ ಬಿಟ್ಟು ಬೇರೆ ಕೆಲಸಕ್ಕೆ ಯಂತ್ರ ಬಳಸಕೂಡದು.’ ಒಳಗೆ ಮೈಸೂರಿನಿಂದ ಇಷ್ಟು ದೂರ ಬಂದ ಪುಟ್ಟಲಕ್ಷ್ಮಿ. ಕಾರ್ಡುಗಳಿಗೆ ತೂತು ಹೊಡೆದು ಯಂತ್ರಕ್ಕೆ ಉಣಿಸುವುದು ಅವಳ ಕೆಲಸ. ಆ ಕೆಲಸ ಇನ್ನೂ ಕಾಯಂ ಆಗಿಲ್ಲ.

೨.
ಪ್ಯೂನ್ ಬಂಡೆಪ್ಪ ಬಂದು ನಿಂತ.

“ಬಾಯಾರ, ನಮ್ ಚಾಳಿನ್ಯಾಗ ಇಪ್ಪತ್ತೆಂಟ್ ಮನಿ, ಒಂದ ನಳ. ದಿನಾ ಕೊಡ ತಗೊಂಡು ಬಡದಾಡ್ತಾರ. ಪಾಳಿ ನಾ ಬರದ್ರ, ಹೆಂಡ್ತೀನ್ನ ಮುಂದ ಹಾಕ್ಯಾನ ಅಂತಾರ. ನಿಮ್ ಮಷೀನ್ ಬರದ್ರ ಯಾರ್ ಏನಂತಾರ? ಅದಕ್ಕೇನ್ ಹೆಂಡ್ತಿ ಅದಾಳೇನು?”

“ರೂಲ್ಸ್ ಒಪ್ಪಲ್ಲ ಬಂಡೆಪ್ಪನೋರೆ.”

“ನಿನ್ನೆ ಸೋಮವ್ವನ ತಲಿಗೆ ಮೂರು ಹೊಲಿಗಿ ಬಿದ್ದಾವ್ರಿ.”

ಅವಳು ಪೆನ್ಸಿಲ್ ತೆಗೆದು ಇಪ್ಪತ್ತೆಂಟು ಮನೆಯವರ ಹೆಸರು ಬರೆದುಕೊಂಡಳು.

೩.
(ಇದನ್ನು ಹೇಳಿದರೆ ಅವಳಿಗೆ ಸಿಟ್ಟು ಬರುತ್ತದೆ. ಹೇಳುತ್ತೇನೆ.) ಸರದಿ ಆರಿಸಿದ್ದು ಕಂಪ್ಯೂಟರ್ ಅಲ್ಲ. ಅಂಥ ಪ್ರೋಗ್ರಾಂ ಬರೆಯಲು ಅವಳಿಗೆ ಬರುತ್ತಿರಲಿಲ್ಲ. ಮನೆಗೊಂದು ಕಾರ್ಡು ಮಾಡಿ, ಇಸ್ಪೀಟಿನ ಹಾಗೆ ಕಲಸಿ ಕೊಟ್ಟಳು. ಯಂತ್ರ ಅದೇ ಕ್ರಮದಲ್ಲಿ ಅಚ್ಚು ಹಾಕಿತು. ಬಂಡೆಪ್ಪನ ಹೆಂಡತಿ ಹನುಮವ್ವ ಎರಡನೆಯವಳಾಗಿ ಬಂದಳು.

“ಆ ಕಾರ್ಡನ್ನು ಕೆಳಗೆ ತಳ್ಳಬಹುದಿತ್ತಲ್ಲ?” ಎಂದೆ.

“ತಳ್ಳಿದ್ರೆ ಮೋಸ ಆಗ್ತಿತ್ತು ಸಾರ್. ನಿಮಗೆ ಕಥೆ ಸಲೀಸಾಗಬೇಕು ಅಷ್ಟೆ.”

ಪಟ್ಟಿ ಅಂಟಿಸಿದ ಮೇಲೆ ಚಾಳು ತಣ್ಣಗಾಯಿತು. ಹನುಮವ್ವನ ಕೊಡ ಎರಡನೆಯದಾಗಿ ನಿಂತರೂ ಯಾರೂ ಚಕಾರ ಎತ್ತಲಿಲ್ಲ. ಕಂಪ್ಯೂಟರೇ ಹೇಳಿದೆಯಲ್ಲ!

೪.
ಅಚ್ಚಿನ ಕಾಗದಕ್ಕೆ ಒಂದು ಕಾರ್ಬನ್ ಪ್ರತಿ ಇರುತ್ತದೆ. ಅದನ್ನು ತೆಗೆದುಕೊಳ್ಳಲು ಮರೆತಳು. (ಮರೆಸಿದ್ದು ನಾನು. ಇಲ್ಲದಿದ್ದರೆ ಕಥೆ ಮೂರಕ್ಕೇ ಮುಗಿಯುತ್ತಿತ್ತು.) ಆ ಪ್ರತಿ ವಿಭಾಗದ ಮುಖ್ಯ ಸಾಹೇಬರ ಮೇಜು ಸೇರಿತು. ಅವಳನ್ನು ಕಾಯಂ ಮಾಡುವ ಕಾಗದವೂ ಅದೇ ಮೇಜಿನ ಮೇಲಿತ್ತು, ಸಹಿ ಬಿದ್ದಿರಲಿಲ್ಲ.

“ಈ ಸರದಿ ಹಾಕೋಕೆ ಯಂತ್ರ ಎಷ್ಟು ಹೊತ್ತು ಓಡಿಸಿದ್ರಿ?” ಸಾಹೇಬರು ಹಿಂದಿಯಲ್ಲಿ ಕೇಳಿದರು.

ನಿಜ ಹೇಳಿದರೆ ತಪ್ಪು ಸಣ್ಣದಾಗುತ್ತದೆ: ಕಲಸಿದ್ದು ಕೈ, ಯಂತ್ರ ಓಡಿದ್ದು ಅರ್ಧ ನಿಮಿಷ. ಆದರೆ ಆಗಲೇ ಚಹಾ ಇಡಲು ಬಂದ ಧರ್ಮಣ್ಣ ಅದೇ ಚಾಳಿನವನು. ಪಟ್ಟಿಯಲ್ಲಿ ಅವನದು ಇಪ್ಪತ್ತೆಂಟನೆಯ ಮನೆ. ಹಿಂದಿ ಅವನಿಗೂ ತಿಳಿಯುತ್ತದೆ, ಕೇಳಿಸಿಕೊಂಡರೆ ಸಂಜೆಗೆ ಚಾಳಿಗೆಲ್ಲ ಗೊತ್ತು.

೫.
ಅಂತ್ಯ ಒಂದು: ನಿಜ ಹೇಳಿದಳು. ಕೆಲಸ ಉಳಿಯಿತು, ಚಾಳಿನಲ್ಲಿ ಕೊಡಗಳು ಎದ್ದವು, ಏಟು ಮೊದಲು ಬಿದ್ದದ್ದು ಬಂಡೆಪ್ಪನಿಗೆ.

ಅಂತ್ಯ ಎರಡು: ಎಲ್ಲಾ ಕಂಪ್ಯೂಟರೇ ಮಾಡಿತು ಎಂದಳು. ನೀರಿನ ಸಾಲು ಉಳಿಯಿತು, ಕೆಲಸ ಹೋಗಿ ಅವಳು ಮೈಸೂರಿನ ರೈಲು ಹತ್ತಿದಳು.

ಅಂತ್ಯ ಮೂರು: ಬಂಡೆಪ್ಪ ನುಗ್ಗಿ “ನಾನ ಮಾಡೇನ್ರಿ ಸಾಹೇಬ್ರ” ಎಂದ. ಸಾಹೇಬರಿಗೆ ನಗು ತಡೆಯಲಾಗಲಿಲ್ಲ. (ಹೊಡೆದುಹಾಕಿದೆ. ಪಾಪ, ಬಂಡೆಪ್ಪ.)

“ಯಾವುದು ಬೇಕು?” ಎಂದು ಪುಟ್ಟಲಕ್ಷ್ಮಿಯನ್ನೇ ಕೇಳಿದೆ.

“ನನಗೂ ತೋಚ್ತಿಲ್ಲ. ಸುಮ್ಮನಿರಿ ಸ್ವಲ್ಪ, ಅವರು ಕಾಯ್ತಿದ್ದಾರೆ.”

ಧರ್ಮಣ್ಣನನ್ನು ಹೊರಗೆ ಕಳಿಸಿದರೆ ಎಲ್ಲರೂ ಉಳಿಯುತ್ತಾರೆ. ಅದಕ್ಕೆ ಒಂದು ವಾಕ್ಯ ಸಾಕು. ಬರೆದೆ: ‘ಧರ್ಮಣ್ಣ ಚಹಾ ಇಟ್ಟು ಹೊರಟ.’

ಅವನು ಕದಲಲಿಲ್ಲ.

“ಎಲ್ಲಿಗೆ ಹೋಗ್ಲಿರಿ?” ಎಂದ ನನಗೆ. “ನಮ್ ನೀರಿನ್ ಮಾತ್ ನಡದೈತಿ.”

ಪುಟ್ಟಲಕ್ಷ್ಮಿ ಅವನ ಮುಖ ನೋಡಿದಳು, ಸಾಹೇಬರ ಮುಖ ನೋಡಿದಳು, ಬಾಯಿ ತೆರೆದಳು.